ಸಿಂಹಕ್ಕೊಂದು ಸೀನು

ಸಿಂಹ ನೋಡಲು ಹೊರಡುವ ಹಿಂದಿನ ದಿನ ಬೆಳಿಗ್ಗೆ ಸೀನಪ್ಪನವರು ತಾರಸಿಯ ಮೇಲೆ ಒಂದು ಸೀನು ಸೀನಿದರು. ಆದದ್ದು ಇಷ್ಟೇ. ಆದರೆ ಆ ಒಂದು ಸೀನಿಗೆ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಕ್ಯಾಪ್ಟನ್ನರ ಕೈಯಲ್ಲಿದ್ದ ಚಹಾ ಲೋಟ ಅವರ ಇಸ್ತ್ರಿ ಮಾಡಿದ ಷರಟಿನ ಮೇಲೆ ಬೋರಲಾಯಿತು. ಪಕ್ಕದ ಕಟ್ಟಡದಲ್ಲಿ ಯಾರೋ ದಡಾರನೆ ಕಿಟಕಿ ಮುಚ್ಚಿಕೊಂಡರು.

ಸೀನಪ್ಪ ಎಂಬುದು ಅವರ ಹೆಸರೇ ಅಲ್ಲ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಅವರು ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ಕೊಟ್ಟದ್ದನ್ನು ವಾಪಸು ಪಡೆಯುವ ಕೆಲಸದಲ್ಲಿದ್ದರು. ಹಳೆಯ ಪುಸ್ತಕಗಳ ಧೂಳನ್ನು ವರ್ಷಗಟ್ಟಲೆ ಕುಡಿದು ಕುಡಿದು ಅವರ ಮೂಗು ಮದ್ದು ತುಂಬಿದ ಫಿರಂಗಿಯ ಹಾಗಾಗಿತ್ತು. ಸೀನು ಬರುವ ಮುನ್ನ ಮೊದಲು ಎಡ ಹುಬ್ಬು ಮೇಲೇರುತ್ತಿತ್ತು, ಆಮೇಲೆ ಬಲ ಹುಬ್ಬು, ಆಮೇಲೆ ಬಾಯಿ ಬಾವಿಯಂತೆ ತೆರೆದುಕೊಳ್ಳುತ್ತಿತ್ತು. ಎಡ ಹುಬ್ಬು ಏರಿದ್ದೇ ತಡ, ವಾಚನಾಲಯದ ಕಾಯಂ ಓದುಗರು ತಮ್ಮ ತಮ್ಮ ಪತ್ರಿಕೆಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಳ್ಳುತ್ತಿದ್ದರು. "ಮೌನವಾಗಿರಿ" ಎಂಬ ಫಲಕದ ಕೆಳಗೇ ಅವರ ಮೇಜು. ಆ ಕಟ್ಟಡದಲ್ಲಿ ಸದ್ದು ಮಾಡುತ್ತಿದ್ದವರು ಅವರೊಬ್ಬರೇ.

ಸಿಂಹದ ಆಸೆ ಅವರದಲ್ಲ, ಹೆಂಡತಿಯದು. ಆಕೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಗಿನಿಂದ ಸಂಜೆಯವರೆಗೆ "ದಯವಿಟ್ಟು ಲೈನಿನಲ್ಲಿರಿ" ಎನ್ನುವುದೇ ಕೆಲಸ. ಒಂದು ಭಾನುವಾರ ಗಂಡ ತಂದಿದ್ದ ದೊಡ್ಡ ಚಿತ್ರಪುಸ್ತಕದಲ್ಲಿ ಸಿಂಹವೊಂದರ ಮುಖವನ್ನು ಬಹಳ ಹೊತ್ತು ನೋಡಿ, "ರೀ, ಈ ಮುಖ ನೋಡಿ. ಇದು ಜನ್ಮದಲ್ಲಿ ಯಾರಿಗೂ 'ಒಂದ್ನಿಮಿಷ ಇರಿ ಸಾರ್' ಅಂದಿರಲ್ಲ. ಇಂಥದ್ದನ್ನ ಒಂದ್ಸಲ ಎದುರಿಗೆ ನಿಂತು ನೋಡ್ಬೇಕು ಕಣ್ರೀ" ಎಂದಿದ್ದಳು. ಮದುವೆಯಾದಾಗಿನಿಂದ ಆಕೆ ಬಾಯಿಬಿಟ್ಟು ಕೇಳಿದ ದೊಡ್ಡ ಆಸೆ ಅದೊಂದೇ. ಸೀನಪ್ಪನವರು ಅಂದೇ ಕೆಲಸಕ್ಕೆ ತೊಡಗಿದರು. ಗ್ರಂಥಾಲಯದಲ್ಲಿ ಸಿಂಹದ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ಓದಿದರು, ರಾಷ್ಟ್ರೀಯ ಉದ್ಯಾನದ ಸಫಾರಿ ಆಫೀಸಿಗೆ ಫೋನು ಮಾಡಿ ಮಾಡಿ ಅಲ್ಲಿಯವರಿಗೆ ಸ್ವಂತ ನೆಂಟನಂತಾದರು, ಕೊನೆಗೂ ಒಂದು ತೆರೆದ ಜೀಪು ಗೊತ್ತುಮಾಡಿದರು.

ಜೀಪಿನಲ್ಲಿ ಆರು ಸೀಟು, ಇವರಿಬ್ಬರೇ. ಉಳಿದ ಸೀಟು ಯಾಕೆ ಖಾಲಿ ಹೋಗಬೇಕೆಂದು ಅದೇ ಕಟ್ಟಡದವರನ್ನು ಕರೆದರು. ಅವರ ಜೀವನದ ದೊಡ್ಡ ತಪ್ಪುಗಳಲ್ಲಿ ಇದೂ ಒಂದು. ಮೇಲಿನ ಮನೆಯ ಕ್ಯಾಪ್ಟನ್ ಮತ್ತು ಅವರ ಹೆಂಡತಿ, ಕೆಳಗಿನ ಮನೆಯ ಔಷಧಿ ಅಂಗಡಿಯವರು, ಎದುರು ಮನೆಯ ಸಂಗೀತದ ಟೀಚರ್ – ನಾಲ್ವರೂ ತುದಿಗಾಲಲ್ಲಿ ನಿಂತು ಒಪ್ಪಿದರು. ಒಪ್ಪಿದ ಮರುದಿನದಿಂದಲೇ ಯಾತ್ರೆಯ ಯಜಮಾನಿಕೆ ಕ್ಯಾಪ್ಟನ್ನರ ಕೈ ಸೇರಿತು.

ಕ್ಯಾಪ್ಟನ್ ಎಂದರೆ ಸೈನ್ಯದವರಲ್ಲ, ಹಡಗಿನವರೂ ಅಲ್ಲ. ನೌಕರಿಯಲ್ಲಿದ್ದಾಗ ಆಫೀಸಿನ ಕೇರಂ ತಂಡದ ಕ್ಯಾಪ್ಟನ್ ಆಗಿದ್ದವರು. ಆದರೆ ಆ ಕಟ್ಟಡದಲ್ಲಿ ಹಿಂದೆ ಒಮ್ಮೆ ಸಿಂಹದ ಕಾಡಿಗೆ ಹೋಗಿಬಂದವರು ಅವರೊಬ್ಬರೇ. ಅಂಚು ಅಗಲವಾದ ಖಾಕಿ ಟೋಪಿಯೂ ಅವರ ಬಳಿಯೇ ಇತ್ತು. ಅಷ್ಟು ಸಾಕಲ್ಲ.

ಆ ಬೆಳಿಗ್ಗೆ ಅವರು ಎಲ್ಲರನ್ನೂ ತಾರಸಿಗೆ ಕರೆಸಿ ಕಾಡಿನ ನಿಯಮ ಬೋಧಿಸುತ್ತಿದ್ದರು. "ಮೊದಲನೇ ನಿಯಮ ಮೌನ. ಎರಡನೇದೂ ಮೌನ. ಜೀಪಲ್ಲಿ ಅಲುಗಾಡದೆ, ಉಸಿರೆತ್ತದೆ ಕೂತಿದ್ರೆ ಸಿಂಹಕ್ಕೆ ನಾವೆಲ್ಲ ಸೇರಿ ಒಂದೇ ದೊಡ್ಡ ಪ್ರಾಣಿ ಥರ ಕಾಣ್ತೀವಿ. ಅದು ಅದರ ಪಾಡಿಗೆ ಹೋಗುತ್ತೆ. ಒಂದು ಸದ್ದು ಬಂತೋ, ಅದಕ್ಕೆ ಗೊತ್ತಾಗಿಹೋಗುತ್ತೆ – ಓಹೋ, ಇದು ಪ್ರಾಣಿ ಅಲ್ಲ, ಬಡಿಸಿಟ್ಟ ಆರು ತಟ್ಟೆ ಊಟ ಅಂತ."

ಸೀನಪ್ಪನವರು ಸೀನಿದ್ದು ಆಗಲೇ.

ಷರಟಿನ ಚಹಾ ಒರೆಸಿಕೊಳ್ಳುತ್ತ ಕ್ಯಾಪ್ಟನ್ ಅವರನ್ನೇ ದಿಟ್ಟಿಸಿ ನೋಡಿದರು. "ಸೀನಪ್ನೋರೇ, ಇದನ್ನೇ ನಾಳೆ ಅಲ್ಲಿ ಮಾಡಿದ್ರೆ?"

"ಬೇಕಂತ ಸೀನಲಿಲ್ಲ ಕ್ಯಾಪ್ಟನ್. ತಾನಾಗೇ ಬಂತು."

"ಸಿಂಹಾನೂ ತಾನಾಗೇ ಬರುತ್ತೆ ಸ್ವಾಮಿ."

ಔಷಧಿ ಅಂಗಡಿಯವರ ಮುಖ ಬಿಳಿಚಿಕೊಂಡಿತು. ಸಂಗೀತದ ಟೀಚರ್ ಶಲ್ಯವನ್ನು ಬಿಗಿಯಾಗಿ ಹೊದ್ದುಕೊಂಡರು. ಅಷ್ಟರಲ್ಲಿ ಮೆಟ್ಟಿಲ ಬಾಗಿಲಿಗೆ ಒರಗಿ ನಿಂತಿದ್ದ ಕ್ಯಾಪ್ಟನ್ನರ ಭಾವಮೈದ ಮೆಲ್ಲಗೆ ಕೆಮ್ಮಿ, "ಭಾವ, ನನಗಂತೂ ಹುಟ್ಟಿದಾಗಿನಿಂದ ನೆಗಡಿ ಅನ್ನೋದೇ ಗೊತ್ತಿಲ್ಲ" ಎಂದ. ಈತ ಎರಡು ದಿನ ಇದ್ದು ಹೋಗುತ್ತೇನೆಂದು ಅಕ್ಕನ ಮನೆಗೆ ಬಂದವನು. ಬಂದಾಗ ಅಂಗಳದಲ್ಲಿ ನೆಟ್ಟಿದ್ದ ಸಸಿ ಈಗ ನೆರಳು ಕೊಡುತ್ತಿತ್ತು. ಕಟ್ಟಡದವರೆಲ್ಲರೂ, ಯಾವ ನೆಂಟಸ್ತಿಕೆಯೂ ಇಲ್ಲದವರು ಕೂಡ, ಅವನನ್ನು ಭಾವಮೈದ ಎಂದೇ ಕರೆಯುತ್ತಿದ್ದರು. ಜೀಪಿನಲ್ಲಿ ಸೀಟಿಲ್ಲವೆಂದು ತಿಳಿದ ದಿನದಿಂದ ಅವನು ಎಲ್ಲರ ಆರೋಗ್ಯವನ್ನೂ ಬಹಳ ಕಾಳಜಿಯಿಂದ ವಿಚಾರಿಸುತ್ತಿದ್ದ.

ಕ್ಯಾಪ್ಟನ್ ತೀರ್ಪು ಕೊಟ್ಟರು. "ನೋಡಿ, ನಾನು ಅನ್ಯಾಯ ಮಾಡೋನಲ್ಲ. ಸಂಜೆ ಇಲ್ಲೇ ಕುರ್ಚಿಗಳನ್ನ ಜೀಪಿನ ಥರ ಜೋಡಿಸೋಣ. ಸೂರ್ಯ ಆ ಟ್ಯಾಂಕಿನ ಹಿಂದೆ ಇಳಿಯೋವರೆಗೂ ಸೀನಪ್ನೋರು ಸೀನದೆ ಕೂತ್ರೆ ಅವರ ಸೀಟು ಅವರಿಗೆ. ಸೀನಿದ್ರೆ..."

"ನಾನು ಬಟ್ಟೆ ಒಗೆದು ಹಾಕಿದೀನಿ ಭಾವ," ಎಂದ ಭಾವಮೈದ.

ಸೀನಪ್ಪನವರ ಹೆಂಡತಿ ಮೆಟ್ಟಿಲಿಳಿಯುವಾಗ ಗಂಡನ ತೋಳು ಹಿಡಿದು, "ನಿಮ್ಮನ್ನ ಬಿಟ್ಟು ನಾನು ಹೋಗಲ್ಲ, ತಿಳೀತಾ? ನೀವಿಲ್ದೆ ನಾನು ಸಿಂಹ ನೋಡಿ ಯಾರಿಗೆ ತೋರಿಸ್ಲಿ, 'ಅಲ್ನೋಡಿ ಅಲ್ನೋಡಿ' ಅಂತ?" ಎಂದಳು.

ಇದು ಸೀನಪ್ಪನವರ ಎದೆಗೆ ನಾಟಿತು. ತಾನು ಸೋತರೆ ತನ್ನೊಬ್ಬನ ಸೀಟು ಹೋಗುವುದಿಲ್ಲ. ಇವಳ ಸಿಂಹವೂ ಹೋಗುತ್ತದೆ. "ಇವತ್ತೊಂದು ದಿನ ನನ್ನ ಮೂಗು ನನ್ನ ಮಾತು ಕೇಳುತ್ತೆ ನೋಡು" ಎಂದು ಅವಳನ್ನು ಕೆಲಸಕ್ಕೆ ಕಳಿಸಿದರು.

ಆದರೆ ಆ ಮೂಗು ಅಂದು ಅವರೊಬ್ಬರ ಸೊತ್ತಾಗಿ ಉಳಿಯಲಿಲ್ಲ. ಬಾಗಿಲು ದಾಟುತ್ತಿದ್ದಂತೆಯೇ ಔಷಧಿ ಅಂಗಡಿಯವರು ಅಡ್ಡಹಾಕಿ ಅಂಗೈಗೆ ಹಳದಿ ಮಾತ್ರೆಯೊಂದನ್ನು ಇಟ್ಟರು. "ಇದು ಮಾತ್ರೆ ಅಲ್ಲ, ಮೂಗಿಗೆ ಬೀಗ. ಕಣ್ಮುಚ್ಚಿ ನುಂಗಿ. ಸ್ವಲ್ಪ ನಿದ್ದೆ ಬಂದ ಹಾಗಾಗುತ್ತೆ, ತಲೆ ಕೆಡಿಸ್ಕೋಬೇಡಿ."

ಗೇಟಿನ ಬಳಿ ಸಂಗೀತದ ಟೀಚರ್ ಕಾದಿದ್ದರು. "ಮಾತ್ರೆ ಗೀತ್ರೆ ಎಲ್ಲ ಸುಳ್ಳು. ಸೀನು ಅಂದ್ರೆ ಏನು? ತಾಳ ತಪ್ಪಿದ ಉಸಿರು. ಅದು ಬರೋ ಸೂಚನೆ ಸಿಕ್ಕಿದ ತಕ್ಷಣ ಬಾಯಿ ಮುಚ್ಚಿ, ಹೊಟ್ಟೆಯಿಂದ ಒಂದು ಕೆಳಗಿನ ಸ್ವರ ಹಿಡೀರಿ. ಹೀಗೆ... ಹೂಂಂಂ... ಸೀನು ಸ್ವರವಾಗಿ ಕರಗಿಹೋಗುತ್ತೆ. ಎಲ್ಲಿ, ಹೇಳಿ?"

"ಹೂಂ," ಎಂದರು ಸೀನಪ್ಪನವರು.

"ಒಪ್ಕೊಂಡ ಹಾಗಲ್ಲ. ಹಾಡಿದ ಹಾಗೆ!"

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುವವರೆಗೂ ಅವರು ಬಿಡಲಿಲ್ಲ.

ಗ್ರಂಥಾಲಯ ಮುಟ್ಟುವಷ್ಟರಲ್ಲಿ ಮಾತ್ರೆ ತನ್ನ ಕೆಲಸ ಶುರುಮಾಡಿತ್ತು. ಮೂಗಿನ ವಿಷಯ ಗೊತ್ತಿಲ್ಲ, ರೆಪ್ಪೆಗಳ ಮೇಲಂತೂ ಯಾರೋ ಒಂದೊಂದು ನಿಘಂಟು ಇಟ್ಟ ಹಾಗಿತ್ತು. ವಿಷಯ ತಿಳಿದ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್, "ಧೂಳೇ ಒಳಗೆ ಹೋಗದಿದ್ರೆ ಸೀನು ಎಲ್ಲಿಂದ ಬರುತ್ತೆ ಅಣ್ಣ?" ಎಂದು ರಟ್ಟಿಗೆ ಅಂಟಿಸುವ ಕಪ್ಪು ಬಟ್ಟೆಯ ತುಂಡನ್ನು ಅವರ ಮೂಗಿಗೆ ಅಡ್ಡವಾಗಿ ಬಿಗಿದು ತಲೆಯ ಹಿಂದೆ ಗಂಟು ಹಾಕಿದ. ಪುಸ್ತಕ ಹಿಂದಿರುಗಿಸಲು ಬಂದ ಹೆಂಗಸೊಬ್ಬಳು ಮೇಜಿನ ಹಿಂದೆ ಕಪ್ಪು ಬಟ್ಟೆ ಕಟ್ಟಿ ಅರ್ಧ ಕಣ್ಣು ತೆರೆದು ಕೂತ ಆಕೃತಿಯನ್ನು ಕಂಡು, ಪುಸ್ತಕದ ಜೊತೆಗೆ ತನ್ನ ಕೈಗಡಿಯಾರವನ್ನೂ ಬಿಚ್ಚಿ ಮೇಜಿನ ಮೇಲಿಟ್ಟಳು. ಸೀನಪ್ಪನವರು ತೂಕಡಿಸುತ್ತಲೇ ಆಕೆಯ ಅಂಗೈ ಮೇಲೆ "ಹಿಂತಿರುಗಿಸಲಾಗಿದೆ" ಎಂದು ಮೊಹರು ಒತ್ತಿ, ಗಡಿಯಾರವನ್ನು ಕಪಾಟಿನಲ್ಲಿ ಇತಿಹಾಸದ ಸಾಲಿಗೆ ಸೇರಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಸರಿ. ಮಧ್ಯಾಹ್ನದ ಹೊತ್ತಿಗೆ, ವಾಚನಾಲಯದಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನದಲ್ಲಿ, ಮಾತ್ರೆಯ ಬೀಗವನ್ನೂ ಬಟ್ಟೆಯ ಗಂಟನ್ನೂ ಲೆಕ್ಕಿಸದೆ ಒಳಗಿನಿಂದ ಒಂದು ಸೀನು ಮೆಟ್ಟಿಲೇರಿ ಬರತೊಡಗಿತು. ಎಡ ಹುಬ್ಬು ಏರಿತು. ಓದುಗರು ಪತ್ರಿಕೆಗಳನ್ನು ಅದುಮಿ ಹಿಡಿದರು. ಸೀನಪ್ಪನವರಿಗೆ ಸಂಗೀತದ ಟೀಚರ್ ನೆನಪಾದರು. ಬಾಯಿ ಮುಚ್ಚಿ ಹೊಟ್ಟೆಯಿಂದ ಸ್ವರ ಹಿಡಿದರು.

ಹೊರಟದ್ದು ಸ್ವರವಲ್ಲ. ಗುಹೆಯ ಆಳದಲ್ಲಿ ಹಸಿದು ಮಲಗಿದ ಯಾವುದೋ ಪ್ರಾಣಿ ಮಗ್ಗುಲು ಬದಲಿಸುತ್ತ ಗುರುಗುಟ್ಟಿದಂಥ ಸದ್ದು. ಅದು ಮೇಜಿನಡಿಯಿಂದ ಹೊರಟು, ಕಪಾಟುಗಳ ನಡುವೆ ಸುತ್ತಾಡಿ, ಗಾಜಿನ ಬಾಗಿಲುಗಳನ್ನು ನಡುಗಿಸಿತು. ದಿನವೂ ಮೂಲೆಯಲ್ಲಿ ಕೂತು ಪತ್ರಿಕೆ ಓದುವ ಹಿರಿಯರೊಬ್ಬರು ವಯಸ್ಸನ್ನೂ ಮರೆತು ಬೆಂಚು ಹತ್ತಿ ನಿಂತು, "ಯಾರಾದ್ರೂ ಹಿಂದಿನ ಬಾಗಿಲು ಮುಚ್ರಯ್ಯಾ!" ಎಂದು ಕೂಗಿಕೊಂಡರು. ಇಬ್ಬರು ವಿದ್ಯಾರ್ಥಿಗಳು ಮುಂದಿನ ಬಾಗಿಲಿಂದಲೇ ಓಡಿಹೋದರು. ಸ್ವರ ಮುಗಿದ ಮೇಲೆ ಸೀನೂ ಬಂತು. ತಡೆದಿದ್ದಕ್ಕೆ ಬಡ್ಡಿ ಸೇರಿಸಿಕೊಂಡೇ ಬಂತು. ಕಪ್ಪು ಬಟ್ಟೆ ಗಂಟು ಬಿಚ್ಚಿಕೊಂಡು ಬಾವಲಿಯಂತೆ ಹಾರಿ, ಒಳಗಿನ ಕೋಣೆಯಿಂದ ಗಾಬರಿಯಿಂದ ಹೊರಬಂದ ಮುಖ್ಯ ಗ್ರಂಥಪಾಲಕಿಯ ಭುಜದ ಮೇಲೆ ಕೂತಿತು.

ಆ ತಾಯಿ ಒಳ್ಳೆಯವರು. ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟು, "ಸೀನಪ್ನೋರೇ," ಎಂದರು ಮೆತ್ತಗೆ, "ಇಷ್ಟು ವರ್ಷ ನಿಮ್ಮ ಸೀನು ಸಹಿಸ್ಕೊಂಡಿದೀವಿ, ಒಂದಿನ ಏನಾದ್ರೂ ಅಂದಿದೀವಾ? ಆದ್ರೆ ನೀವು ಸೀನದೇ ಇರೋಕೆ ಹೊರಟ್ರೆ ಅದನ್ನ ಸಹಿಸೋಕೆ ನಮ್ಮ ಕೈಲಾಗಲ್ಲ. ದಯವಿಟ್ಟು ಮನೆಗೆ ಹೋಗಿ. ಹೋಗೋಕೆ ಮುಂಚೆ ಆ ಅಮ್ಮನ ಗಡಿಯಾರ ಎಲ್ಲಿಟ್ರಿ ಹೇಳಿ."

ಮನೆಯಲ್ಲಿ ಅವರಿಗಾಗಿ ಇನ್ನೂ ದೊಡ್ಡ ಪಡೆ ಕಾದಿತ್ತು. ಮಧ್ಯಾಹ್ನವೇ ಒಂದು ಸೀನು ಬಂತೆಂದು ಕೇಳಿ ಔಷಧಿ ಅಂಗಡಿಯವರಿಗೆ ಅವಮಾನವಾದಂತಾಯಿತು. "ನನ್ನ ಬೀಗ ಮುರಿದು ಬಂತಾ? ಹಾಗಾದ್ರೆ ಚಿಲಕಾನೂ ಹಾಕೋಣ" ಎಂದು ಇನ್ನೊಂದು ಮಾತ್ರೆ ನುಂಗಿಸಿ, ಕಣ್ಣಲ್ಲಿ ನೀರು ಬರುವಂಥ ತಣ್ಣನೆಯ ಎಣ್ಣೆಯನ್ನು ಎರಡೂ ಹೊಳ್ಳೆಗೆ ಬಿಟ್ಟರು. ಕ್ಯಾಪ್ಟನ್ನರ ಹೆಂಡತಿ ಬಿಸಿನೀರಿನ ಪಾತ್ರೆಯ ಮೇಲೆ ಅವರ ತಲೆ ಬಗ್ಗಿಸಿ ಮೇಲೆ ಟವೆಲ್ ಮುಚ್ಚಿದರು. ಅದರೊಳಗಿಂದ ಬಹಳ ಹೊತ್ತು ಸದ್ದಿಲ್ಲದ್ದನ್ನು ಕಂಡು ತೆಗೆದು ನೋಡಿದರೆ ಸೀನಪ್ಪನವರು ಪಾತ್ರೆಯ ಅಂಚಿಗೆ ಗಲ್ಲ ಆನಿಸಿ ನಿದ್ದೆಹೋಗಿದ್ದರು. ಸಂಗೀತದ ಟೀಚರ್ ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ತಂದು, "ಇದು ನನಗೆ ಇಷ್ಟವಿಲ್ಲ, ಆದ್ರೆ ಅಂಥ ಕಾಲ ಬಂದಿದೆ" ಎಂದು ಮೂಗಿಗೆ ಸಿಕ್ಕಿಸಿದರು. ಅದನ್ನು ತೆಗೆಯುವಷ್ಟರಲ್ಲಿ ಆ ಮೂಗು ಹಣ್ಣಾದ ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ಆರೈಕೆಯಲ್ಲಿ ಯಾರೂ ಕಡಿಮೆ ಮಾಡಲಿಲ್ಲ. ಅವರು ಸೀಟು ಕಳೆದುಕೊಳ್ಳಬಾರದೆಂಬ ಆಸೆ ಎಲ್ಲರಿಗೂ ಮನಃಪೂರ್ವಕವಾಗಿ ಇತ್ತು. ಸಿಂಹದ ಬಾಯಿಗೆ ತಾವು ಬೀಳಬಾರದೆಂಬ ಆಸೆ ಅದಕ್ಕಿಂತ ಸ್ವಲ್ಪ ಹೆಚ್ಚು ಮನಃಪೂರ್ವಕವಾಗಿತ್ತು, ಅಷ್ಟೇ.

ಸಂಜೆ ತಾರಸಿಯ ಮೇಲೆ ಕುರ್ಚಿಗಳು ಜೀಪಿನಂತೆ ಸಾಲಾದವು. ಸೀನಪ್ಪನವರನ್ನು ನಡುವೆ ಕೂರಿಸಿ ಉಳಿದವರು ಸುತ್ತ ಕೂತರು. ಹೆಂಡತಿ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಅವಳ ಕುರ್ಚಿ ಖಾಲಿ ಇತ್ತು. ಕ್ಯಾಪ್ಟನ್ ಖಾಕಿ ಟೋಪಿ ಧರಿಸಿ ಸ್ಟೀರಿಂಗಿನ ಜಾಗದಲ್ಲಿ ಒಂದು ತಟ್ಟೆ ಹಿಡಿದು ಕೂತು, "ಸುಮ್ನೆ ಕೂತ್ರೆ ಪರೀಕ್ಷೆ ಅಲ್ಲ. ಎದುರಿಗೆ ಸಿಂಹ ಬಂದಿರೋ ಹಾಗೆ ಇರ್ಬೇಕು. ಎಲ್ಲಪ್ಪಾ ಸಿಂಹ?" ಎಂದರು.

ಮೆಟ್ಟಿಲ ಬಾಗಿಲಿನಿಂದ ಸಿಂಹ ಬಂತು. ಹಳದಿ ಕಂಬಳಿ ಹೊದ್ದು, ನಾಲ್ಕು ಕಾಲಿನ ಮೇಲೆ ನಡೆಯುತ್ತ ಭಾವಮೈದ ಬಂದ. ಆ ಕಂಬಳಿ ಯಾವ ಪೆಟ್ಟಿಗೆಯ ತಳದಿಂದ ಎದ್ದು ಬಂದಿತ್ತೋ, ಅವನು ಒಂದೊಂದು ಹೆಜ್ಜೆ ಇಟ್ಟಾಗಲೂ ಅದರಿಂದ ಮೋಡದಂತೆ ಧೂಳೇಳುತ್ತಿತ್ತು. ಬೇರೆ ಯಾರ ಹತ್ತಿರವೂ ಅವನು ಸುಳಿಯಲಿಲ್ಲ. ನೇರ ಸೀನಪ್ಪನವರ ಕುರ್ಚಿಯ ಬಳಿ ಬಂದು, ಒಮ್ಮೆ ಗರ್ಜಿಸಿ, ನೆನೆದ ನಾಯಿಯ ಹಾಗೆ ಮೈ ಕೊಡವಿದ.

ಧೂಳು ಅವರ ಮುಖವನ್ನೇ ಮುಚ್ಚಿತು. ಎಡ ಹುಬ್ಬು ಏರಿತು. ಬಲ ಹುಬ್ಬು ಏರಿತು. ಔಷಧಿ ಅಂಗಡಿಯವರು ಕಣ್ಣು ಮುಚ್ಚಿಕೊಂಡರು. ಸೀನಪ್ಪನವರ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು, ಕಿವಿ ಕೆಂಪಾಯಿತು, ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳಿಚಿಕೊಂಡವು. ಆ ಹೊತ್ತಿನಲ್ಲಿ ಅವರು ನೆನೆದದ್ದು ಮಾತ್ರೆಯನ್ನೂ ಅಲ್ಲ, ಸ್ವರವನ್ನೂ ಅಲ್ಲ. ಚಿತ್ರಪುಸ್ತಕದ ಮೇಲೆ ಬಾಗಿದ್ದ ಹೆಂಡತಿಯ ಮುಖವನ್ನು. ಅದನ್ನೇ ಹಿಡಿದುಕೊಂಡು ಹಲ್ಲು ಕಚ್ಚಿ ಕೂತರು. ಸೀನು ಬಂತು, ಮೂಗಿನ ತುದಿಯವರೆಗೂ ಬಂತು, ಸಾಹೇಬರ ಕೋಣೆಯ ಬಾಗಿಲಿಗೆ ಬಂದು ತಟ್ಟಲು ಧೈರ್ಯವಿಲ್ಲದ ಗುಮಾಸ್ತನ ಹಾಗೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಂದ ದಾರಿಯಲ್ಲೇ ವಾಪಸು ಹೋಯಿತು.

ಸೂರ್ಯ ಟ್ಯಾಂಕಿನ ಹಿಂದೆ ಇಳಿದ.

"ಗೆದ್ರು!" ಎಂದು ಕ್ಯಾಪ್ಟನ್ ತಟ್ಟೆ ಬಡಿದರು. ಎಲ್ಲರೂ ಎದ್ದು ಸೀನಪ್ಪನವರನ್ನು ಮುತ್ತಿಕೊಂಡರು. ಔಷಧಿ ಅಂಗಡಿಯವರು "ನನ್ನ ಚಿಲಕ" ಎಂದರು, ಸಂಗೀತದ ಟೀಚರ್ "ನನ್ನ ಸ್ವರ" ಎಂದರು. ಸಿಂಹ ಮಾತ್ರ ಕಂಬಳಿಯೊಳಗೇ ಸಪ್ಪಗೆ ಕೂತಿತು.

ಸೀನಪ್ಪನವರ ಹೆಂಡತಿ ಮೆಟ್ಟಿಲೇರಿ ಬಂದದ್ದು ಆಗ. ಕೈಚೀಲ ಇನ್ನೂ ಹೆಗಲಲ್ಲೇ ಇತ್ತು, ಏದುಸಿರು ಬಿಡುತ್ತಿದ್ದಳು, ಮುಖ ಹಬ್ಬಿದ ನಗುವಿನಲ್ಲಿ ಹೊಳೆಯುತ್ತಿತ್ತು. "ಗೆದ್ದೆ ಕಣೇ!" ಎಂದು ಗಂಡ ಕೂಗಿದರೂ ಅವಳ ಕಿವಿಗೆ ಬೀಳಲಿಲ್ಲ.

"ರೀ, ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಕ್ಯಾಪ್ಟನ್, ಕೇಳಿ. ನನ್ನ ಗಂಡನ್ನ ಹೀಗೆ ಕೂರಿಸಿ ನೋಡೋದು ನನಗ್ಯಾಕೋ ಸರಿ ಅನ್ನಿಸ್ಲಿಲ್ಲ. ಸಿಂಹ ಇರೋ ಜಾಗದವರನ್ನೇ ಕೇಳಿಬಿಡೋಣ ಅಂತ ಸಫಾರಿ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ಫೋನೆತ್ತಿದಾಕೆ ನನ್ನನ್ನೇ ಲೈನಲ್ಲಿ ಇರಿಸಿ ಕಾಯಿಸಿದ್ಲು, ಅದು ಬೇರೆ ಮಾತು. 'ನಮ್ಮನೆಯವರಿಗೆ ಸೀನು ಜಾಸ್ತಿ, ಬಾಂಬ್ ಸಿಡಿದ ಹಾಗಿರುತ್ತೆ, ಕರ್ಕೊಂಡು ಬರಬಹುದಾ?' ಅಂದೆ. ಆಕೆ ಏನಂದ್ಲು ಗೊತ್ತಾ?"

"ಬೇಡ ಅಂದಿರ್ತಾಳೆ," ಎಂದಿತು ಕಂಬಳಿ.

"'ಅಯ್ಯೋ, ದಯವಿಟ್ಟು ಕರ್ಕೊಂಡು ಬನ್ನಿ' ಅಂದ್ಲು! ಅಲ್ಲಿ ಸಿಂಹಗಳು ಹಗಲೆಲ್ಲಾ ನಿದ್ದೆನೇ ಮಾಡ್ತಾವಂತೆ. ಹುಲ್ಲಲ್ಲಿ ಮಲಗಿದ್ರೆ ದೂರದಿಂದ ನೋಡೋರಿಗೆ ಮಣ್ಣಿನ ಗುಡ್ಡೆ ಥರ ಕಾಣುತ್ತಂತೆ. ಹಾರ್ನ್ ಹೊಡೆಯೋ ಹಾಗಿಲ್ಲ, ಕೂಗೋ ಹಾಗಿಲ್ಲ, ಚಪ್ಪಾಳೆ ತಟ್ಟೋ ಹಾಗಿಲ್ಲ, ಎಲ್ಲಕ್ಕೂ ದಂಡ. ಬಂದವರೆಲ್ಲ ಗುಡ್ಡೆ ನೋಡ್ಕೊಂಡು ಬೇಜಾರಾಗಿ ಹೋಗ್ತಾರಂತೆ. ಆದ್ರೆ ಸೀನು ತಾನಾಗೇ ಬರೋದಲ್ವಾ? ಅದಕ್ಕೆ ನಿಯಮಾನೇ ಇಲ್ಲ! ಹೋದ ತಿಂಗಳು ಯಾರೋ ಒಬ್ರು ಸೀನಿದ್ದಕ್ಕೆ ಇಡೀ ಗುಂಪು ಎದ್ದು ನಿಂತು, ದೊಡ್ಡ ಸಿಂಹ ತಲೆಯೆತ್ತಿ ಎಲ್ಲರ ಮುಖಾನೂ ಒಬ್ಬೊಬ್ಬರದಾಗಿ ನೋಡ್ತಂತೆ. ಆಮೇಲೆ ಆಕಳಿಸಿ ಮತ್ತೆ ಮಲಗ್ತಂತೆ. ಯಾರಿಗೂ ಏನೂ ಮಾಡ್ಲಿಲ್ಲ. ನಿಮ್ಮ ಯಜಮಾನ್ರಿಗೆ ಮುಂದಿನ ಸೀಟೇ ಕೊಡ್ತೀವಿ ಅಂದಿದಾಳೆ!"

ಎಲ್ಲರೂ ಕ್ಯಾಪ್ಟನ್ನರನ್ನು ನೋಡಿದರು.

"ಹಾಗೇನಿಲ್ಲ," ಎಂದರು ಕ್ಯಾಪ್ಟನ್. "ನಾನು ಹೋದಾಗ ನಾವು ಮೌನವಾಗಿ ಕೂತಿದ್ವಿ, ಸಿಂಹ ನಮ್ಮ ಪಕ್ಕದಲ್ಲೇ..."

"ಏನು ಪಕ್ಕದಲ್ಲಿ?" ಎಂದರು ಅವರ ಹೆಂಡತಿ. "ಉಸಿರು ಬಿಗಿಹಿಡಿದು ಮಧ್ಯಾಹ್ನವೆಲ್ಲ ಕೂತು ನಾವು ನೋಡಿದ್ದು ಬಾಲದ ಕುಚ್ಚು. ಅದೂ ಸಿಂಹದ್ದೋ, ಯಾವುದೋ ಹುಲ್ಲಿನ ತೆನೆಯೋ, ಇವತ್ತಿಗೂ ಗೊತ್ತಿಲ್ಲ. ಈ ಟೋಪಿ ಅಲ್ಲಿನ ಗೇಟಿನ ಹತ್ರ ಕೊಂಡಿದ್ದು."

ಕ್ಯಾಪ್ಟನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನಿಧಾನವಾಗಿ ಸೀನಪ್ಪನವರ ಕಡೆಗೆ ತಿರುಗಿದರು. ಬೆಳಗಿನಿಂದ ಆ ಮೂಗನ್ನು ಅಪರಾಧಿಯಂತೆ ಕಂಡಿದ್ದ ಕಣ್ಣುಗಳಲ್ಲಿ ಈಗ ಭಕ್ತಿ ಮೂಡಿತ್ತು.

"ಸೀನಪ್ನೋರೇ, ಒಂದ್ಸಲ ಸೀನಿ ನೋಡೋಣ."

ಸೀನಪ್ಪನವರು ಪ್ರಯತ್ನಿಸಿದರು. ಹುಬ್ಬು ಕುಣಿಸಿದರು, ಮೂಗು ಸೊಟ್ಟ ಮಾಡಿದರು. ಏನೂ ಇಲ್ಲ. ಮುಖದ ನಡುವೆ ಮೂಗು ಇದೆಯೋ ಇಲ್ಲವೋ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ.

"ಎಷ್ಟು ಹೊತ್ತು ಇರುತ್ತೆ ಇದರ ಪ್ರಭಾವ?" ಎಂದು ಕ್ಯಾಪ್ಟನ್ ಔಷಧಿ ಅಂಗಡಿಯವರನ್ನು ಕೇಳಿದರು.

ಔಷಧಿ ಅಂಗಡಿಯವರು ಮೊದಲು ಹೆಮ್ಮೆಯಿಂದ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಎರಡು ಮಾತ್ರೆ, ಮೇಲೆ ಎಣ್ಣೆ... ಸಿಂಹ ನೋಡ್ಕೊಂಡು ವಾಪಸ್ ಬರೋವರೆಗೂ ಗ್ಯಾರಂಟಿ."

ಮುಂದಿನದು ಹೇಳತೀರದು. ಬೆಳಗಿನಿಂದ ಸೀನು ಕಟ್ಟಲು ಓಡಾಡಿದ್ದವರೇ ಸೀನು ತರಿಸಲು ಮೆಟ್ಟಿಲಿಳಿದು ಓಡಿದರು. ಕ್ಯಾಪ್ಟನ್ನರ ಹೆಂಡತಿ ಕಾಳುಮೆಣಸು ಕುಟ್ಟಿ ತಂದರು. ಸಂಗೀತದ ಟೀಚರ್ ಪಾರಿವಾಳದ ಗರಿಯೊಂದನ್ನು ಆರಿಸಿ ತಂದು ಹೊಳ್ಳೆಯ ಸುತ್ತ ಹಗುರವಾಗಿ ಆಡಿಸುತ್ತ, "ಆ ಸ್ವರ ಮರೆತುಬಿಡಿ, ದಯವಿಟ್ಟು ಮರೆತುಬಿಡಿ" ಎಂದು ಬೇಡಿಕೊಂಡರು. ಮೆಣಸಿನ ಘಾಟಿಗೆ ಔಷಧಿ ಅಂಗಡಿಯವರು ಸೀನಿದರು, ಕ್ಯಾಪ್ಟನ್ ಸೀನಿದರು, ಗರಿ ಹಿಡಿದಿದ್ದ ಟೀಚರ್ ತಾಳ ತಪ್ಪದೆ ಮೂರು ಸಲ ಸೀನಿದರು. ಎಲ್ಲವೂ ಕಸದ ಬುಟ್ಟಿಗೆ ಕಾಗದ ಎಸೆದಂಥ ಸಣ್ಣಪುಟ್ಟ ಸೀನುಗಳು. ಸಿಂಹವಿರಲಿ, ಬೆಕ್ಕೂ ಕಣ್ಣು ತೆರೆಯುವಂಥವಲ್ಲ. ನಡುವೆ ಸೀನಪ್ಪನವರು ಮಾತ್ರ ಮುಖಕ್ಕೆಲ್ಲ ಮೆಣಸು ಮೆತ್ತಿಕೊಂಡು ಧ್ಯಾನಕ್ಕೆ ಕೂತವರಂತೆ ಶಾಂತವಾಗಿದ್ದರು.

ಆಗ ಕಂಬಳಿಯೊಳಗಿನಿಂದ ಒಂದು ಸದ್ದು ಬಂತು. ಅಷ್ಟು ಹೊತ್ತು ಆ ಧೂಳಿನಲ್ಲೇ ಕೂತಿದ್ದ ಭಾವಮೈದ, ಹುಟ್ಟಿದಾಗಿನಿಂದ ನೆಗಡಿಯೇ ಗೊತ್ತಿಲ್ಲದವನು, ಸೀನಿದ. ಎಂಥ ಸೀನು! ಖಾಲಿ ಕುರ್ಚಿಯೊಂದು ಉರುಳಿಬಿತ್ತು. ಪಕ್ಕದ ಕಟ್ಟಡದಲ್ಲಿ ಮತ್ತೆ ಕಿಟಕಿ ಮುಚ್ಚಿದ ಸದ್ದಾಯಿತು.

ಎಲ್ಲರೂ ನಿಧಾನವಾಗಿ ಅವನತ್ತ ತಿರುಗಿದರು.

ಕ್ಯಾಪ್ಟನ್ ಟೋಪಿಯನ್ನು ಮತ್ತೆ ತಲೆಗೇರಿಸಿದರು. "ನೋಡಿ ಸೀನಪ್ನೋರೇ, ನಾನು ಅನ್ಯಾಯ ಮಾಡೋನಲ್ಲ. ಬೆಳಿಗ್ಗೆ ಜೀಪು ಹೊರಡೋದರೊಳಗೆ ನೀವು ಸೀನಿದ್ರೆ ನಿಮ್ಮ ಸೀಟು ನಿಮಗೆ. ಸೀನದಿದ್ರೆ..."

"ಬಟ್ಟೆ ಒಣಗಿದೆ ಭಾವ," ಎಂದ ಭಾವಮೈದ ಮೂಗೊರೆಸಿಕೊಳ್ಳುತ್ತ.

ಸೀನಪ್ಪನವರ ಹೆಂಡತಿ ನೇರ ಹೋಗಿ ಅವನ ಮೈಮೇಲಿನ ಕಂಬಳಿಯನ್ನು ಕಿತ್ತುಕೊಂಡು ಬಂದಳು. ಗಂಡನ ಎದುರು ನಿಂತು, "ಸ್ವಲ್ಪ ಸಹಿಸ್ಕೊಳ್ರೀ" ಎಂದು ಮೆಲ್ಲಗೆ ಹೇಳಿ, ಎರಡೂ ಕೈಯಿಂದ ಎತ್ತಿ ಪಟಾರನೆ ಕೊಡವಿದಳು. ಧೂಳಿನ ಮೋಡದಲ್ಲಿ ಇಬ್ಬರೂ ಕಾಣದಾದರು. ಮತ್ತೊಮ್ಮೆ ಕೊಡವಿದಳು. ಮೋಡ ಸರಿದಾಗ, "ಎಡ ಹುಬ್ಬು!" ಎಂದು ಟೀಚರ್ ಪಿಸುಗುಟ್ಟಿದರು. ಹೌದು, ಅದು ಏರುತ್ತಿತ್ತು.

"ಬಂತು!" ಎಂದರು ಔಷಧಿ ಅಂಗಡಿಯವರು.

ಬಲ ಹುಬ್ಬೂ ಏರಿತು. ಹೆಂಡತಿ ಕಂಬಳಿ ಎದೆಗವಚಿಕೊಂಡು ನಿಂತಳು. ಸೀನಪ್ಪನವರ ಬಾಯಿ ತೆರೆಯಿತು, ಇನ್ನೂ ತೆರೆಯಿತು, ಬಾವಿಯಂತೆ ತೆರೆದುಕೊಂಡಿತು. ಕ್ಯಾಪ್ಟನ್ ಎರಡೂ ಕೈಯಿಂದ ಟೋಪಿ ಹಿಡಿದುಕೊಂಡರು. ಎಲ್ಲರೂ ಉಸಿರು ಬಿಗಿಹಿಡಿದರು.

ಅವರು ಆಕಳಿಸಿದರು. ಉದ್ದಕ್ಕೆ, ಆಳವಾಗಿ, ಎರಡು ಮಾತ್ರೆಗಳ ನಿದ್ದೆಯನ್ನೆಲ್ಲ ಒಟ್ಟುಗೂಡಿಸಿ ಆಕಳಿಸಿ, ಹೆಂಡತಿಯ ತೋಳಿಗೆ ತಲೆ ಆನಿಸಿ ಕೂತಲ್ಲೇ ನಿದ್ದೆಹೋದರು.

ಅವಳು ಆ ಕಂಬಳಿಯನ್ನೇ ಅವರಿಗೆ ಹೊದಿಸಿದಳು. "ಯಾರೂ ಎಬ್ಬಿಸ್ಬೇಡಿ. ಬೆಳಿಗ್ಗೆವರೆಗೂ ಟೈಮಿದೆ" ಎಂದು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಲ್ಲರೂ ಉಳಿದ ಕುರ್ಚಿಗಳನ್ನು ಸದ್ದಾಗದಂತೆ ಎತ್ತಿಕೊಂಡು ತುದಿಗಾಲಲ್ಲಿ ಮೆಟ್ಟಿಲಿಳಿದರು.

ಸ್ವಲ್ಪ ಹೊತ್ತಿಗೆಲ್ಲ ಕೆಳಗಿನಿಂದ, ಕ್ಯಾಪ್ಟನ್ನರ ಮನೆಯ ಕಿಟಕಿಯಿಂದ, ಭಾವಮೈದ ಒಂದಾದ ಮೇಲೊಂದು ಸೀನು ಅಭ್ಯಾಸ ಮಾಡುವ ಸದ್ದು ಕೇಳಿಬಂತು.